ಓದುಗರ ಪ್ರಶ್ನೆ: ಉರ್ ಊರಿನ ಬಚ್ಚಲ ನೀರು ಎಲ್ಲಿಗೆ ಹೋಗುತ್ತಿತ್ತು?

ಕಳೆದ ಸಂಚಿಕೆಯಲ್ಲಿ ಪ್ರಾಚೀನ ಮೆಸೊಪೊಟೇಮಿಯಾದ, ಅಂದರೆ ಹೆಚ್ಚಾಗಿ ಈಗಿನ ಇರಾಕಿನ, ಮನೆಗಳ ಬಗ್ಗೆ ಬರೆದಿದ್ದೆ. ಅದರಲ್ಲಿ ಮೋರಿಗೆ ಕೊಟ್ಟದ್ದು ಒಂದೇ ಸಾಲು. ಬಂದ ಪತ್ರಗಳು ಮಾತ್ರ ಹೆಚ್ಚುಕಡಿಮೆ ಎಲ್ಲವೂ ಆ ಒಂದು ಸಾಲಿನ ಮೇಲೆ! ಜಿಗುರಾತ್ (ಮೆಟ್ಟಿಲು ಮೆಟ್ಟಿಲಾಗಿ ಏರುವ ಗುಡಿಗೋಪುರ) ಬೇಡ, ಅರಮನೆ ಬೇಡ, ಬಚ್ಚಲಿನ ನೀರು ಎಲ್ಲಿಗೆ ಹೋಯಿತು ಹೇಳಿ ಅಂತ. ನನಗೂ ಅದೇ ಇಷ್ಟದ ವಿಷಯ. ಒಂದೇ ತರಹದ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: ನಾಲ್ಕು ಸಾವಿರ ವರ್ಷದ ಹಿಂದೆಯೇ ಉರ್ ನಗರದಲ್ಲಿ ಮನೆಮನೆಗೂ ಕಕ್ಕಸು, ಊರಿಗೆಲ್ಲ ಒಳಚರಂಡಿ ಇತ್ತು ಅಂತ ವಾಟ್ಸಾಪ್‌ನಲ್ಲಿ ಓದಿದೆ. ನಿಜವಾ ಸರ್?

ಅರ್ಧ ನಿಜ. ಆ ಅರ್ಧವೂ ವಾಟ್ಸಾಪ್ ಹೇಳಿದ ಹಾಗಿಲ್ಲ.

ದಕ್ಷಿಣ ಇರಾಕಿನ ಉರ್‌ನಲ್ಲಿ ಅಗೆದವರು ಪುರಾತತ್ವಜ್ಞ ಲಿಯೊನಾರ್ಡ್ ವೂಲಿ. 1922ರಿಂದ 1934ರವರೆಗೆ, ಬ್ರಿಟಿಷ್ ಮ್ಯೂಸಿಯಂ ಮತ್ತು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮ್ಯೂಸಿಯಂ ಪರವಾಗಿ. ಅಲ್ಲಿ ಅವರು ಒಂದಿಡೀ ಬಡಾವಣೆಯನ್ನೇ ತೆರೆದರು. ಅದು ಸುಮಾರು ಕ್ರಿ.ಪೂ. 2000ದಿಂದ 1740ರ ನಡುವಿನದು. ಬೀದಿಗಳಿಗೆ ಇಂಗ್ಲೆಂಡಿನ ಹೆಸರು ಇಟ್ಟರು: ಗೇ ಸ್ಟ್ರೀಟ್, ಓಲ್ಡ್ ಸ್ಟ್ರೀಟ್, ಪಾಟರ್‌ನಾಸ್ಟರ್ ರೋ. ಮನೆಗಳಿಗೆ ನಂಬರೂ ಕೊಟ್ಟರು. ಹಾಗಾಗಿ ಇವತ್ತಿಗೂ ಪುರಾತತ್ವದವರು "ಗೇ ಸ್ಟ್ರೀಟ್ 3ನೇ ನಂಬರ್ ಮನೆ" ಅಂತ, ಈಗಷ್ಟೇ ಹೋಗಿ ಬಂದವರ ಹಾಗೆ ಮಾತಾಡುತ್ತಾರೆ.

ಮನೆಯ ನಕ್ಷೆ ಸುಲಭ. ಬೀದಿಯಿಂದ ಒಂದು ಚಿಕ್ಕ ಕೋಣೆ, ಅಲ್ಲಿಂದ ತಿರುಗಿದರೆ ಇಟ್ಟಿಗೆ ಹಾಸಿದ ಅಂಗಳ, ಅಂಗಳದ ಸುತ್ತ ಕೋಣೆಗಳು. ತೊಟ್ಟಿಮನೆ ಅಂದರೆ ನಿಮಗೆ ಬೇಗ ಕಣ್ಣಿಗೆ ಕಟ್ಟುತ್ತದೆ. ಅಂಗಳದ ನಡುವೆ ಒಂದು ತೂತು, ನೆಲವೆಲ್ಲ ಅದರ ಕಡೆಗೆ ಇಳಿಜಾರು. ಮೆಟ್ಟಿಲಿನ ಕೆಳಗೆ ಅಥವಾ ಮೂಲೆಯಲ್ಲಿ ಒಂದು ಇಕ್ಕಟ್ಟಾದ ಕೋಣೆ, ಅದರ ಇಟ್ಟಿಗೆ ನೆಲದಲ್ಲಿ ಒಂದು ಸೀಳು. ಈ ಸೀಳು ಇದ್ದ ಕೋಣೆಯನ್ನೇ ವೂಲಿ ಕಕ್ಕಸು ಎಂದರು.

ಈಗ ತೂತಿನ ಕೆಳಗೆ ಇಳಿಯೋಣ. ಅಲ್ಲಿ ಇರುವುದು ಸುಟ್ಟ ಜೇಡಿಮಣ್ಣಿನ ದಪ್ಪ ರಿಂಗುಗಳು, ಒಂದರ ಮೇಲೊಂದು ಪೇರಿಸಿದ್ದು, ಬಾವಿಗೆ ರಿಂಗ್ ಇಳಿಸಿದ ಹಾಗೆ. ರಿಂಗುಗಳ ಮೈತುಂಬ ತೂತು. ರಿಂಗಿನ ಹೊರಗೆ, ಗುಂಡಿಯ ಮಣ್ಣಿಗೂ ರಿಂಗಿಗೂ ನಡುವೆ, ಒಡೆದ ಮಡಕೆಯ ಬೋಕಿಗಳನ್ನು ಒತ್ತಾಗಿ ತುಂಬಿದ್ದಾರೆ. ಮೇಲಿಂದ ಬಂದ ನೀರು ಕೊಳವೆಯೊಳಗೆ ಇಳಿದು, ತೂತುಗಳಿಂದ ಬೋಕಿಗಳ ನಡುವೆ ಹರಡಿ, ನಿಧಾನವಾಗಿ ಮಣ್ಣಿಗೆ ಸೇರುತ್ತದೆ, ಗಟ್ಟಿ ಪದಾರ್ಥ ಒಳಗೇ ತಳದಲ್ಲಿ ಕೂರುತ್ತದೆ. ನಮಗೆಲ್ಲ ಗೊತ್ತಿರುವ ಹೆಸರು ಇದಕ್ಕೆ ಸರಿಯಾಗಿದೆ: ಇಂಗುಗುಂಡಿ. ಸುಮಾರು ಒಂದು ಮೀಟರ್ ಅಗಲ, ನಾಲ್ಕೈದು ಮೀಟರ್ ಆಳದವು ಸಾಮಾನ್ಯ. ಹತ್ತು ಮೀಟರ್ ದಾಟಿದವೂ ಉಂಟು.

ಅಂದರೆ ಗಮನಿಸಿ, ಈ ನೀರು ಬೀದಿಗೆ ಹೋಗುತ್ತಿರಲಿಲ್ಲ. ಉರ್‌ನ ಈ ಮನೆಗಳ ಕೆಳಗೆ ಊರಿನ ಒಳಚರಂಡಿ ಅನ್ನುವುದು ಇಲ್ಲ. ನನ್ನ ಮನೆಯ ನೀರು ನನ್ನ ಮನೆಯ ನೆಲದಲ್ಲೇ ಇಂಗಬೇಕು, ಅಷ್ಟೇ ಲೆಕ್ಕ. ಇದನ್ನು "ನಗರ ಯೋಜನೆ" ಎಂದು ಕರೆಯುವುದು ಸ್ವಲ್ಪ ಜಾಸ್ತಿಯೇ ಆಯಿತು.

ಇನ್ನು ಕಕ್ಕಸು. ಸೀಳು ಇದ್ದ ಮಾತ್ರಕ್ಕೆ ಕಕ್ಕಸು ಆಗಲೇಬೇಕು ಅಂತಿಲ್ಲ. ಸ್ನಾನ, ಕೈಕಾಲು ತೊಳೆಯುವುದು, ಬಟ್ಟೆ, ಪಾತ್ರೆ, ಎಲ್ಲದಕ್ಕೂ ಮೋರಿ ಬೇಕು. ಈಚಿನ ವರ್ಷಗಳಲ್ಲಿ ಅಗಸ್ಟಾ ಮೆಕ್‌ಮಹಾನ್ ಎಂಬ ಪುರಾತತ್ವಜ್ಞೆ ಇದನ್ನೇ ಕೆದಕಿದ್ದಾರೆ. ತಂತ್ರ ಗೊತ್ತಿತ್ತು, ಆದರೆ ಎಲ್ಲರೂ ಮನೆಯಲ್ಲಿ ಹಾಕಿಸಿಕೊಳ್ಳಲಿಲ್ಲ ಅನ್ನುವುದು ಅವರ ಮಾತಿನ ಸಾರ. ಕಕ್ಕಸು ಇಲ್ಲದ ಮನೆಯವರು ಏನು ಮಾಡುತ್ತಿದ್ದರು? ಮಡಕೆ, ಖಾಲಿ ಸೈಟು, ಹೊಲ. ಉತ್ತರ ಮೆಸೊಪೊಟೇಮಿಯಾದಲ್ಲಿ ಹಳೇ ಊರ ದಿಬ್ಬಗಳ ಸುತ್ತಿನ ಹೊಲಗಳಲ್ಲಿ ತೆಳುವಾಗಿ ಬೋಕಿ ಚೂರು ಹರಡಿರುತ್ತದೆ. ಊರಿನ ಕಸ ಗೊಬ್ಬರವಾಗಿ ಹೊಲ ಸೇರುವಾಗ ಒಡೆದ ಮಡಕೆಯೂ ಜೊತೆಗೆ ಹೋಯಿತು ಅಂತ ಪುರಾತತ್ವಜ್ಞ ಟೋನಿ ವಿಲ್ಕಿನ್ಸನ್ ಅರ್ಥ ಮಾಡಿದರು. ಎಲ್ಲರೂ ಒಪ್ಪಿಲ್ಲ. ನನಗೆ ಮಾತ್ರ ಸರಿ ಅನ್ನಿಸುತ್ತದೆ.

ಪ್ರಶ್ನೆ: ದಕ್ಷಿಣ ಇರಾಕ್‌ನಲ್ಲಿ ಮಳೆಯೇ ಕಮ್ಮಿ. ಆ ಒಣ ಊರಲ್ಲಿ ಇಷ್ಟು ಮೋರಿ ಯಾಕೆ? ಇನ್ನೊಂದು, ನಾನು ಸಿವಿಲ್ ಎಂಜಿನಿಯರ್, ಗೋಡೆಗೆ ಅಷ್ಟು ಹತ್ತಿರ ಇಂಗುಗುಂಡಿ ಮಾಡಿದರೆ ಪಾಯ ಕುಸಿಯುವುದಿಲ್ಲವೇ?

ನಿಮ್ಮ ಎರಡನೇ ಪ್ರಶ್ನೆಯಲ್ಲೇ ಮೊದಲನೆಯದಕ್ಕೆ ಉತ್ತರ ಇದೆ.

ಮಳೆ ಕಮ್ಮಿ, ವರ್ಷಕ್ಕೆ 100ರಿಂದ 150 ಮಿಲಿಮೀಟರ್ ಅಷ್ಟೇ. ಆದರೆ ಬಂದರೆ ಒಂದೇ ಸಲ ಸುರಿಯುತ್ತದೆ. ಮನೆ ಇರುವುದೋ ಹಸಿ ಇಟ್ಟಿಗೆಯದು, ಅಂದರೆ ಮಣ್ಣಿಗೆ ಹುಲ್ಲು ಕಲಸಿ, ಅಚ್ಚು ಹಾಕಿ, ಬಿಸಿಲಲ್ಲಿ ಒಣಗಿಸಿದ್ದು. ಮೇಲ್ಛಾವಣಿ ಮರದ ತೊಲೆ, ಜೊಂಡಿನ ಚಾಪೆ, ಅದರ ಮೇಲೆ ಮಣ್ಣು. ಈ ಮನೆಗೆ ನೀರೇ ಮೊದಲ ಶತ್ರು. ಅಂಗಳ ಅನ್ನುವುದು ನಾಲ್ಕು ಕಡೆ ಗೋಡೆ ಇರುವ ತೊಟ್ಟಿ. ಸುತ್ತಲ ಮಾಳಿಗೆ ನೀರೂ ಅಲ್ಲಿಗೇ ಬಿದ್ದರೆ ಹೋಗಲು ಬೇರೆ ದಾರಿ ಇಲ್ಲ. ಅರ್ಧ ದಿನ ನಿಂತರೆ ಗೋಡೆಯ ಬುಡ ಮೆತ್ತಗಾಗುತ್ತದೆ.

ಮೇಲಿನ ನೀರು ಸಾಲದು ಅಂತ ಕೆಳಗಿನ ನೀರು ಬೇರೆ. ಅಲ್ಲಿ ಅಂತರ್ಜಲ ಮೇಲೇ ಇದೆ, ಅದರಲ್ಲಿ ಉಪ್ಪೂ ಇದೆ. ಗೋಡೆ ಆ ತೇವವನ್ನು ಹೀರಿಕೊಳ್ಳುತ್ತದೆ, ನೀರು ಆರಿದಾಗ ಉಪ್ಪು ಇಟ್ಟಿಗೆಯೊಳಗೆ ಹರಳುಗಟ್ಟಿ ಬುಡವನ್ನು ಪುಡಿಪುಡಿ ಮಾಡುತ್ತದೆ. ಉರ್‌ನ ಒಳ್ಳೆಯ ಮನೆಗಳಲ್ಲಿ ಗೋಡೆಯ ಕೆಳಗಿನ ವರಸೆಗಳಿಗೆ ಮಾತ್ರ ಸುಟ್ಟ ಇಟ್ಟಿಗೆ ಹಾಕಿ ಮೇಲೆ ಹಸಿ ಇಟ್ಟಿಗೆ ಕಟ್ಟಿದ್ದು ಇದಕ್ಕೇ. ಇಡೀ ಮನೆಗೆ ಸುಟ್ಟ ಇಟ್ಟಿಗೆ ಹಾಕಲು ಸೌದೆ ಎಲ್ಲಿಂದ ತರುವುದು? ಸುಡಲು ಇದ್ದದ್ದು ಜೊಂಡು, ಕುರುಚಲು, ಬೆರಣಿ. ನೀರು ಮುಟ್ಟುವ ಜಾಗಕ್ಕೆ ಡಾಂಬರು ಬಳಿಯುತ್ತಿದ್ದರು. ಯೂಫ್ರೆಟಿಸ್ ದಂಡೆಯ ಹಿಟ್ ಎಂಬ ಊರಲ್ಲಿ ಅದು ನೆಲದಿಂದಲೇ ಉಕ್ಕಿ ಬರುತ್ತದೆ.

ಈಗ ಪಾಯ. ನಿಮ್ಮ ಅನುಮಾನ ಸರಿ, ಮೇಲುಮೇಲೆ ಇಂಗಿಸಿದರೆ ಗೋಡೆ ಕೂರುತ್ತದೆ. ಅದಕ್ಕೇ ಆ ಆಳ. ಊರು ನಿಂತಿರುವುದೇ ಹಳೇ ಮನೆಗಳ ಅವಶೇಷದ ದಿಬ್ಬದ ಮೇಲೆ. ಮೇಲಿನ ಪದರ ಸಡಿಲ. ನೀರನ್ನು ಪಾಯಕ್ಕಿಂತ ತುಂಬಾ ಕೆಳಗೆ ಒಯ್ದು ಬಿಡುವುದೇ ಈ ಉದ್ದ ಕೊಳವೆಯ ಕೆಲಸ. ಕಟ್ಟಿದವನಿಗೆ ಜವಾಬ್ದಾರಿಯೂ ಇತ್ತು. ಬ್ಯಾಬಿಲೋನಿನ ರಾಜ ಹಮ್ಮುರಾಬಿಯ (ಕ್ರಿ.ಪೂ. 18ನೇ ಶತಮಾನ) ಕಾನೂನಿನಲ್ಲಿ 233ನೆಯದು, ಗೋಡೆ ವಾಲಿದರೆ ಕಟ್ಟಿದವನು ತನ್ನ ಬೆಳ್ಳಿಯಲ್ಲೇ ಅದನ್ನು ಗಟ್ಟಿ ಮಾಡಿಕೊಡಬೇಕು ಅನ್ನುತ್ತದೆ. 229ನೆಯದು ಇನ್ನೂ ಕಟು: ಮನೆ ಕುಸಿದು ಮಾಲೀಕ ಸತ್ತರೆ ಕಟ್ಟಿದವನ ತಲೆಗೇ ಬಂತು. ಎಂಜಿನಿಯರ್‌ಗಳು ಇದನ್ನು ಓದಿ ಸಿಟ್ಟಾಗಬಾರದು.

ಪ್ರಶ್ನೆ: ಮೊಹೆಂಜೊದಾರೊದ ಚರಂಡಿಯೋ, ಉರ್‌ನದೋ, ಯಾವುದು ಮೊದಲು? ಯಾರನ್ನು ನೋಡಿ ಯಾರು ಕಲಿತರು?

ಈ ಪ್ರಶ್ನೆ ಬರದೆ ಇರುವುದಿಲ್ಲ ಅಂತ ಗೊತ್ತಿತ್ತು.

ಬೀದಿ ಉದ್ದಕ್ಕೂ ಇಟ್ಟಿಗೆ ಚರಂಡಿ, ಅದಕ್ಕೆ ಮನೆಗಳ ನೀರು ಕೂಡಿಸುವುದು, ಇದರಲ್ಲಿ ಸಿಂಧೂ ನಗರಗಳದ್ದೇ ಮೇಲುಗೈ. ಆದರೆ ಮೊದಲು ಯಾರು ಅಂದರೆ ಇಬ್ಬರಿಗಿಂತ ಹಿಂದಿನದು ಒಂದಿದೆ. ಸಿರಿಯಾದಲ್ಲಿ ಯೂಫ್ರೆಟಿಸ್ ದಂಡೆಯ ಹಬೂಬಾ ಕಬೀರಾ. ಕ್ರಿ.ಪೂ. ನಾಲ್ಕನೇ ಸಹಸ್ರಮಾನದ ಎರಡನೇ ಅರ್ಧದ ಊರು, ಮೊಹೆಂಜೊದಾರೊಗಿಂತ ಬಹಳ ಹಳೆಯದು. ಅಲ್ಲಿ ಒಂದಕ್ಕೊಂದು ಸಿಕ್ಕಿಸುವ ಮಣ್ಣಿನ ಪೈಪು, ಬೀದಿಯ ಕಾಲುವೆ ಸಿಕ್ಕಿವೆ. ಟಬ್ಕಾ ಅಣೆಕಟ್ಟಿನ ನೀರು ಏರುವ ಮೊದಲು ಜರ್ಮನ್ ತಂಡ ಅವಸರದಲ್ಲಿ ಅಗೆದದ್ದು. ಚರಂಡಿಗೆ ಹೆಸರಾದ ಊರು ಕೊನೆಗೆ ಕೆರೆಯ ಪಾಲಾಯಿತು!

ಬಾಗ್ದಾದಿನ ಈಶಾನ್ಯಕ್ಕೆ ಟೆಲ್ ಅಸ್ಮರ್ ಇದೆ, ಹಳೇ ಹೆಸರು ಎಶ್ನುನ್ನಾ. ಹೆನ್ರಿ ಫ್ರಾಂಕ್‌ಫರ್ಟ್ ನೇತೃತ್ವದಲ್ಲಿ ಶಿಕಾಗೋ ವಿಶ್ವವಿದ್ಯಾಲಯದವರು 1930ರ ದಶಕದಲ್ಲಿ ಅಗೆದರು. ಅಲ್ಲಿನ ಅಕ್ಕಾಡಿಯನ್ ಕಾಲದ (ಸುಮಾರು ಕ್ರಿ.ಪೂ. 2300ರ ಆಸುಪಾಸಿನ) ದೊಡ್ಡ ಕಟ್ಟಡವೊಂದರಲ್ಲಿ ಸಾಲಾಗಿ ಬಚ್ಚಲುಗಳು, ಕೂರಲು ಸುಟ್ಟ ಇಟ್ಟಿಗೆಯ ಎತ್ತರದ ಪೀಠಗಳು, ಎಲ್ಲದರ ನೀರೂ ಬೀದಿಯಡಿಯ ಕಮಾನು ಕಟ್ಟಿದ ಮೋರಿಗೆ. ಇಲ್ಲಿ ಮಾತ್ರ ಒಳಚರಂಡಿ ಅನ್ನಬಹುದು. ಆಗ ಇದನ್ನು ಅರಮನೆ ಎಂದರು. ಇಷ್ಟೊಂದು ನೀರಿನ ವ್ಯವಸ್ಥೆ ನೋಡಿ, ಇದು ಬಟ್ಟೆ ನೇಯುವ, ತೊಳೆಯುವ ಕಾರ್ಖಾನೆ ಇರಬಹುದಲ್ವಾ ಅಂತ ಆಮೇಲಿನ ಕೆಲವರು ಕೇಳಿದ್ದಾರೆ. ಅದೇ ಟೆಲ್ ಅಸ್ಮರ್‌ನಲ್ಲಿ ಆನೆ, ಘೇಂಡಾಮೃಗ ಕೆತ್ತಿದ ಸಿಂಧೂ ಶೈಲಿಯ ಮುದ್ರೆಯೊಂದೂ ಸಿಕ್ಕಿದೆ. ವ್ಯಾಪಾರ ಇತ್ತು, ಜನ ಓಡಾಡುತ್ತಿದ್ದರು, ಅದರಲ್ಲಿ ಅನುಮಾನವಿಲ್ಲ. ಅದರಿಂದ ಚರಂಡಿ ಕಟ್ಟುವುದನ್ನೂ ಕಲಿತರು ಅಂತ ಹೇಳಲು ಒಂದು ಮುದ್ರೆ ಸಾಲದು.

ಪ್ರಶ್ನೆ: ಅಗೆಯುವಾಗ ರಿಂಗುಗಳ ಕೊಳವೆ ಸಿಕ್ಕರೆ ಅದು ಬಾವಿಯೋ ಇಂಗುಗುಂಡಿಯೋ ಅಂತ ಹೇಗೆ ಗೊತ್ತಾಗುತ್ತದೆ? ಅದರಲ್ಲಿ ಸಿಕ್ಕ ವಸ್ತುವಿನಿಂದ ಮನೆಯ ಕಾಲ ಹೇಳಬಹುದೇ? (ಪುರಾತತ್ವ ಓದುತ್ತಿರುವ ವಿದ್ಯಾರ್ಥಿನಿ)

ಈ ಸಲದ ಅತ್ಯುತ್ತಮ ಪ್ರಶ್ನೆ ಇದು. ಇದರಲ್ಲಿ ದೊಡ್ಡವರೇ ಜಾರಿ ಬಿದ್ದಿದ್ದಾರೆ.

1850ರ ದಶಕದಲ್ಲಿ ಉರ್‌ನ ದಿಬ್ಬಕ್ಕೆ ಬಂದ ಜೆ. ಇ. ಟೇಲರ್ ಎಂಬ ಬ್ರಿಟಿಷ್ ಅಧಿಕಾರಿಗೆ ಎಲ್ಲಿ ನೋಡಿದರೂ ಈ ರಿಂಗುಗಳೇ ಕಂಡವು. ಜೊತೆಗೆ ಗೋರಿಗಳೂ ಸಿಕ್ಕವು. ಹಾಗಾಗಿ ಇವು ಗೋರಿಗಳಿಗೆ ತೇವ ತಾಗದಂತೆ ದಿಬ್ಬದ ನೀರು ಇಳಿಸುವ ಕೊಳವೆಗಳು ಎಂಬ ಮಾತು ಹುಟ್ಟಿತು. ತಪ್ಪು ಅವರದ್ದಲ್ಲ. ಮಳೆಗಾಳಿಗೆ ದಿಬ್ಬದ ಮೇಲಿನ ಮನೆ ಕರಗಿ ಹೋಗಿರುತ್ತದೆ, ಗೋಡೆ ಇಲ್ಲ, ನೆಲ ಇಲ್ಲ, ಆದರೆ ನೆಲದೊಳಗೆ ಐದಾರು ಮೀಟರ್ ಇಳಿದ ಇಂಗುಗುಂಡಿ ಹಾಗೇ ಇರುತ್ತದೆ. ಮನೆ ಹೋಯಿತು, ಮೋರಿ ಉಳಿಯಿತು! ಗೋರಿ ಸಿಕ್ಕಿದ್ದೂ ಸಹಜವೇ. ಈ ಜನ ತಮ್ಮವರನ್ನು ಮನೆಯ ನೆಲದಡಿಯೇ ಹೂಳುತ್ತಿದ್ದರು. ವೂಲಿ ಅಗೆದ ಮನೆಗಳಲ್ಲಿ ಹಿಂಭಾಗದ ದೇವರಕೋಣೆಯ ಕೆಳಗೆ ಇಟ್ಟಿಗೆ ಕಮಾನಿನ ಕುಟುಂಬದ ಗೋರಿಗಳಿದ್ದವು.

ಬಾವಿಯಾದರೆ ನೀರು ಸಿಗುವ ಮಟ್ಟ ಮುಟ್ಟಿರಬೇಕು, ಇಂಗುಗುಂಡಿ ಅದಕ್ಕಿಂತ ಮೇಲೇ ನಿಲ್ಲಬೇಕು. ಆದರೆ ಆಗಿನ ನೀರಿನ ಮಟ್ಟವೇ ಈಗಿಲ್ಲ. ಬ್ಯಾಬಿಲೋನಿನಲ್ಲಿ ಅಗೆದ ಕೋಲ್ಡವೇಗೆ ಹಮ್ಮುರಾಬಿ ಕಾಲದ ಪದರ ನೀರಿನಡಿ ಮುಳುಗಿತ್ತು. ನದಿ ಬೇರೆ ಕವಲಿಗೆ ತಿರುಗಿ ಅಂತರ್ಜಲ ಇಳಿದ ಕೆಲವು ವರ್ಷ ಮಾತ್ರ ಅಲ್ಲಿ ಕೆಲವು ಮನೆಗಳನ್ನು ಮುಟ್ಟಲು ಅವರಿಗಾಯಿತು. ಹಾಗಾಗಿ ಆಳವೊಂದನ್ನೇ ನಂಬಬೇಡಿ. ಮೈತುಂಬ ತೂತು, ಸುತ್ತ ಬೋಕಿ ತುಂಬಿದ್ದು, ಮೇಲೆ ಇಳಿಜಾರಿನ ನೆಲ, ಈ ಮೂರೂ ಒಟ್ಟಿಗೆ ಇದ್ದರೆ ಇಂಗುಗುಂಡಿ. ಒಳಗಿನ ಮಣ್ಣಿಗೆ ಹಸಿರು ಛಾಯೆ ಇದ್ದರೆ ಮಲಮೂತ್ರ ಸೇರಿದ ಗುರುತು, ರಂಜಕದಿಂದ ಬರುವ ಬಣ್ಣ ಅದು. ಆ ಮಣ್ಣನ್ನು ಸೂಕ್ಷ್ಮದರ್ಶಕದಡಿ ನೋಡಿ ಜಂತುಹುಳದ ಮೊಟ್ಟೆ ಹುಡುಕುತ್ತಾರೆ. ಸಿಕ್ಕರೆ ವಾದ ಮುಗಿಯಿತು. ನೂರಾರು ಕೂಲಿಗಳನ್ನು ಇಟ್ಟುಕೊಂಡು ಬೀದಿಗಟ್ಟಲೆ ತೆರೆಯುತ್ತಿದ್ದ ವೂಲಿ ಕಾಲದಲ್ಲಿ ಇಂಥ ಪರೀಕ್ಷೆ ಇರಲಿಲ್ಲ, ಅದಕ್ಕೇ ಅವರು ಕಕ್ಕಸು ಅಂದದ್ದನ್ನು ಈಗ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಓದಬೇಕು.

ಈಗ ಕಾಲ. ಇಂಗುಗುಂಡಿಯಲ್ಲಿ ಒಂದಲ್ಲ, ಮೂರು ಕಾಲ ಇರುತ್ತದೆ. ಹೊರಗೆ ತುಂಬಿದ ಬೋಕಿ ಅಂದರೆ ಆಗಲೇ ಒಡೆದು ಕಸವಾಗಿದ್ದ ಮಡಕೆ, ಅದು ಗುಂಡಿಗಿಂತ ಎಷ್ಟೋ ಹಳೆಯದಿರಬಹುದು. ಒಳಗಿನ ತಳದ ಕೆಸರು ಬಳಕೆಯ ಕಾಲದ್ದು. ಮೇಲಿನ ತುಂಬು ಬಳಕೆ ನಿಂತ ಮೇಲೆ ಯಾರೋ ಎಸೆದ ಕಸ. ಮೂರನ್ನೂ ಒಂದೇ ಬುಟ್ಟಿಗೆ ಹಾಕಿದರೆ ಕೆಟ್ಟಿತು. ಸಾಲದ್ದಕ್ಕೆ ಈ ಗುಂಡಿ ಕೆಳಗಿನ ಹಳೇ ಮನೆಗಳ ಪದರಗಳನ್ನು ಸೀಳಿಕೊಂಡು ಇಳಿದಿರುತ್ತದೆ. ಅದನ್ನು ಗುರುತಿಸದೆ ಅಗೆದರೆ ಹಮ್ಮುರಾಬಿ ಕಾಲದ ಬೋಕಿ ಐನೂರು ವರ್ಷ ಹಳೇ ಮನೆಯ ನೆಲದ ಮೇಲೆ "ಸಿಕ್ಕಿತು" ಅಂತ ವರದಿಯಲ್ಲಿ ಬರುತ್ತದೆ. ಅದಕ್ಕೆ ಮೊದಲು ಮಾಡಬೇಕಾದದ್ದು ಮೇಲ್ಮೈ ಸವರಿ ಗುಂಡಿಯ ಅಂಚು ಹುಡುಕುವುದು. ಯಾವ ನೆಲದಿಂದ ತೋಡಿದ್ದು ಅಂತ ಗೊತ್ತಾದ ಮೇಲೆ ಗುಂಡಿಯನ್ನು ಮೊದಲು ಖಾಲಿ ಮಾಡಿ, ಸುತ್ತಲಿನ ಹಳೇ ಪದರ ಆಮೇಲೆ ಮುಟ್ಟುವುದು. ಮನೆಯ ನೆಲ ಏರಿದ ಹಾಗೆ ಮೇಲೆ ಹೊಸ ರಿಂಗ್ ಕೂರಿಸುತ್ತಿದ್ದರು ಅನ್ನುವುದನ್ನೂ ನೆನಪಿಡಿ. ಕೆಳಗಿನ ರಿಂಗ್ ಅಜ್ಜನದು, ಮೇಲಿನದು ಮೊಮ್ಮಗನದು ಇರಬಹುದು.

ಪ್ರಶ್ನೆ: ಬೀದಿಯಿಂದ ಮನೆಯೊಳಕ್ಕೆ ಮೆಟ್ಟಿಲು *ಇಳಿದು* ಹೋಗಬೇಕಿತ್ತಂತೆ. ಇದೆಂಥ ವಾಸ್ತು?

ವಾಸ್ತು ಅಲ್ಲ, ಕಸ. ಮನೆಯ ಕಸ, ಬೂದಿ, ಕರಗಿದ ಮಣ್ಣು ಎಲ್ಲ ಬೀದಿಗೆ. ಬೀದಿ ವರ್ಷವರ್ಷ ಏರುತ್ತದೆ, ಮನೆಯ ನೆಲ ಅಲ್ಲೇ. ಮಳೆ ನೀರು ಒಳಗೆ ನುಗ್ಗದಿರಲಿ ಅಂತ ಹೊಸ್ತಿಲು ಏರಿಸುತ್ತಾರೆ, ಒಳಗಡೆಗೆ ಮೆಟ್ಟಿಲು ಹಾಕುತ್ತಾರೆ, ಬಾಗಿಲಲ್ಲಿ ತಲೆ ತಗುಲುವ ಹೊತ್ತಿಗೆ ಹಳೇ ಗೋಡೆ ಕೆಡವಿ ಅದರ ಮೇಲೆಯೇ ಹೊಸ ಮನೆ. ಒಳಗಿನ ನೀರಿಗೆ ಅಷ್ಟು ಅಚ್ಚುಕಟ್ಟು ಮಾಡಿದ ಜನವೇ ಹೊರಗೆ ಹೀಗೆ.

ಪ್ರಶ್ನೆ: ಆ ಮನೆಗಳು ಎರಡು ಅಂತಸ್ತಿನವು ಎಂದು ಚಿತ್ರಗಳಲ್ಲಿ ತೋರಿಸುತ್ತಾರೆ. ಸರಿಯೇ?

ಅದು ವೂಲಿ ಕಟ್ಟಿಕೊಟ್ಟ ಚಿತ್ರ: ಅಂಗಳದ ಸುತ್ತ ಮರದ ಪಡಸಾಲೆ, ಮೇಲೆ ಮಲಗುವ ಕೋಣೆ. ದಪ್ಪ ಗೋಡೆ, ಮೆಟ್ಟಿಲು, ಜೊತೆಗೆ ತಮ್ಮ ಕಾಲದ ಬಾಗ್ದಾದಿನ ಮನೆಗಳು, ಇವು ಅವರ ಆಧಾರ. ಆದರೆ ಮಣ್ಣಿನ ಗೋಡೆ ಒಂದೇ ಅಂತಸ್ತಾದರೂ ದಪ್ಪ ಇರಲೇಬೇಕು, ಮೆಟ್ಟಿಲು ಸುಮ್ನೆ ಮಾಳಿಗೆಗೆ ಹತ್ತಲೂ ಇರಬಹುದು. ಮೇಲಿನ ಭಾಗ ಎಲ್ಲೂ ಉಳಿದಿಲ್ಲ. ಕೆಲವು ಮನೆಗೆ ಇದ್ದಿರಬಹುದು, ಎಲ್ಲಕ್ಕೂ ಇತ್ತು ಅನ್ನಲು ನನಗೆ ಧೈರ್ಯವಿಲ್ಲ.

ಪ್ರಶ್ನೆ: ಅಣ್ಣತಮ್ಮಂದಿರು ಪಾಲಾದರೆ ಬಚ್ಚಲು ಯಾರ ಪಾಲಿಗೆ?

ನಕ್ಕುಬಿಟ್ಟೆ, ಆದರೆ ಪ್ರಶ್ನೆ ಗಟ್ಟಿಯಾಗಿದೆ. ಮನೆಗಳನ್ನು "ಸಾರ್" ಎಂಬ ಅಳತೆಯಲ್ಲಿ ಕೊಳ್ಳುತ್ತಿದ್ದರು, ಮಾರುತ್ತಿದ್ದರು. ಒಂದು ಸಾರ್ ಅಂದರೆ ಸುಮಾರು 36 ಚದರ ಮೀಟರ್. ಅಪ್ಪ ಸತ್ತ ಮೇಲೆ ಮನೆಯನ್ನೇ ತುಂಡು ಮಾಡಿ ಹಂಚಿಕೊಂಡ ಜೇಡಿಮಣ್ಣಿನ ಪತ್ರಗಳು ಬೇಕಾದಷ್ಟಿವೆ. ನಿಪ್ಪುರ್ ಎಂಬ ಇನ್ನೊಂದು ಹಳೇ ಊರಿನಲ್ಲಿ ಪುರಾತತ್ವಜ್ಞೆ ಎಲಿಜಬೆತ್ ಸ್ಟೋನ್ ಇಂಥ ಪತ್ರಗಳನ್ನು ಅಗೆದ ಮನೆಯ ಗೋಡೆಗಳ ಜೊತೆ ಹೊಂದಿಸಿ ನೋಡಿದರು. ಪತ್ರದಲ್ಲಿ ಪಾಲು ಆದಂತೆ ನೆಲದ ಮೇಲೆ ಬಾಗಿಲು ಮುಚ್ಚಿದ್ದು, ಹೊಸ ಬಾಗಿಲು ತೆರೆದದ್ದು ಕಾಣುತ್ತದೆ. ಕೆಟ್ಟ ತಾಮ್ರ ಕೊಟ್ಟ ಅಂತ ನನ್ನಿ ಎಂಬ ಗಿರಾಕಿಯಿಂದ ಬೈಸಿಕೊಂಡ ಎಯಾ-ನಾಸಿರ್ ನೆನಪಿದ್ದಾನಲ್ಲ, ಇಂಟರ್ನೆಟ್ಟಿನಲ್ಲಿ ಎಲ್ಲರೂ ತಮಾಷೆ ಮಾಡುವವನು? ಆ ಪತ್ರ ಸಿಕ್ಕಿದ ಓಲ್ಡ್ ಸ್ಟ್ರೀಟ್ 1ನೇ ನಂಬರ್ ಮನೆಯ ಒಂದು ಭಾಗವೂ ಪಕ್ಕದ ಮನೆಗೆ ಸೇರಿಹೋಗಿತ್ತು. ವ್ಯಾಪಾರದಲ್ಲಿ ಸೋತು ಮಾರಿಕೊಂಡ ಅಂತ ವೂಲಿ ಊಹಿಸಿದರು. ಊಹೆ ಅಷ್ಟೇ.

ಬಚ್ಚಲಿನ ಬಗ್ಗೆ ನೆಲ ಹೇಳುವುದು ಇಷ್ಟು: ಪಾಲಿನಲ್ಲಿ ಒಬ್ಬನಿಗೆ ಹೋದ ಕೋಣೆಯ ಮೋರಿಯನ್ನು ಇನ್ನೊಬ್ಬ ಬಳಸಲಾರ, ಅವನು ಬೇರೆ ಗುಂಡಿ ತೋಡಬೇಕು. ಪಕ್ಕಪಕ್ಕದಲ್ಲೇ ಎರಡು ಗುಂಡಿ ಸಿಕ್ಕರೆ ಒಂದು ತುಂಬಿದ್ದಕ್ಕೆ ಇನ್ನೊಂದೋ, ಮನಸ್ತಾಪಕ್ಕೆ ಇನ್ನೊಂದೋ, ಅಗೆಯುವವರು ಯೋಚಿಸಬೇಕು.

ಪ್ರಶ್ನೆ: ಅವರು ಮನೆಯ ಪ್ರತಿ ಮೂಲೆಗೂ ದೇವರೋ ದೆವ್ವವೋ ಇದೆ ಅಂದುಕೊಂಡಿದ್ದರು ಎಂದು ಬರೆದಿದ್ದಿರಿ. ಕಕ್ಕಸಿಗೂ ಇತ್ತಾ?

ಇತ್ತು. ಹೆಸರು ಶುಲಕ್. ಕಕ್ಕಸಿನಲ್ಲಿ ಹೊಂಚು ಹಾಕಿ ಕೂರುವ ದೆವ್ವ. ಒಂಟಿಯಾಗಿ ಹೋದವನನ್ನು ಹೊಡೆಯುತ್ತದೆ. ಬ್ಯಾಬಿಲೋನಿಯದ ವೈದ್ಯ ಗ್ರಂಥಗಳಲ್ಲಿ ಲಕ್ವ ಹೊಡೆದಂಥ ಲಕ್ಷಣಗಳಿಗೆ ಇವನೇ ಕಾರಣ ಅಂತ ಬರುತ್ತದೆ. ಅಲ್ಲಿನ ಒಬ್ಬ ವ್ಯಾಖ್ಯಾನಕಾರ ಈ ಹೆಸರನ್ನು ಸುಮೇರಿಯನ್ ಭಾಷೆಯಲ್ಲಿ ಬಿಡಿಸಿ ಅರ್ಥ ಹೇಳುತ್ತಾನೆ: "ಶು" ಅಂದರೆ ಕೈ, "ಲಾ" ಅಂದರೆ ಅಲ್ಲ, "ಕು" ಅಂದರೆ ಶುಚಿ. ಕೈ ತೊಳೆಯದವನು.